ಬೇಡದ ನೆನಪಿಗೆ ಮಿದುಳು ಒಡ್ಡುವ ತಡೆ

ಕಾಲ ಕಳೆದಂತೆ ನೆನಪು ತಾನಾಗಿ ಮಾಸುವುದು ಬೇರೆ, ಮೇಲೇಳುತ್ತಿರುವ ನೆನಪನ್ನು ಬೇಕೆಂದೇ ಅದುಮುವುದು ಬೇರೆ. ಕಾದ ಪಾತ್ರೆಯತ್ತ ಚಾಚಿದ ಕೈಯನ್ನು ಅರ್ಧದಲ್ಲೇ ತಡೆಯುವಂತೆ, ನೆನಪಿನ ಮರುಕಳಿಕೆಯನ್ನೂ ಮಿದುಳು ನಡುವೆಯೇ ತಡೆಯಬಲ್ಲದು ಎಂಬುದು ಈ ಪಾಠದ ತಿರುಳು.

ಇದನ್ನು ಮನೋವಿಜ್ಞಾನಿಗಳಾದ ಮೈಕೆಲ್ ಆಂಡರ್ಸನ್ ಮತ್ತು ಕಾಲಿನ್ ಗ್ರೀನ್ 2001ರಲ್ಲಿ ಪದಜೋಡಿಗಳ ಮೂಲಕ ಪರೀಕ್ಷಿಸಿದರು. 'ಏಣಿ–ಪಿಟೀಲು' ಎಂಬ ಜೋಡಿಯನ್ನು ಕಲಿತಿದ್ದೀರಿ ಎಂದುಕೊಳ್ಳಿ. ಆಮೇಲೆ 'ಏಣಿ' ಮಾತ್ರ ಕಣ್ಣೆದುರು ಬರುತ್ತದೆ. ಅದರಿಂದ ದೃಷ್ಟಿ ತೆಗೆಯದೆ, 'ಪಿಟೀಲು' ಮನಸ್ಸಿಗೆ ಬಾರದಂತೆ ನೋಡಿಕೊಳ್ಳಬೇಕು. ಹೀಗೆ 16 ಬಾರಿಯವರೆಗೆ ತಡೆದ ಪದಗಳು ಕೊನೆಯ ಪರೀಕ್ಷೆಯಲ್ಲಿ ಕಡಿಮೆ ನೆನಪಾದವು. ಹೋಲಿಕೆ ಯಾವುದರೊಂದಿಗೆ ಎಂಬಲ್ಲಿ ನಾನೂ ಮೊದಲು ಎಡವಿದ್ದೆ: ಕಲಿತ ಮೇಲೆ ನಡುವೆ ಒಮ್ಮೆಯೂ ತೋರಿಸದೆ ಬಿಟ್ಟ ಜೋಡಿಗಳೊಂದಿಗೆ. ಅಂದರೆ ಸುಮ್ಮನೆ ಬಿಟ್ಟದ್ದಕ್ಕಿಂತ, ಎದುರಿಗಿಟ್ಟು ತಡೆದದ್ದೇ ಹೆಚ್ಚು ಮರೆತುಹೋಗಿತ್ತು. 'ತಂತಿವಾದ್ಯ, ಪಿ—' ಎಂಬಂತಹ ಹೊಸ ಸುಳಿವು ಕೊಟ್ಟರೂ ಪದ ಸುಲಭವಾಗಿ ಬರಲಿಲ್ಲವಾದ್ದರಿಂದ, ಕುಗ್ಗಿದ್ದು ಏಣಿಯೊಂದಿಗಿನ ನಂಟು ಮಾತ್ರವಲ್ಲ, ಆ ನೆನಪೇ ಎಂದು ಅವರು ವಾದಿಸಿದರು. ಪರಿಣಾಮ ದೊಡ್ಡದೇನಲ್ಲ, 2006ರಲ್ಲಿ ಪ್ರಕಟವಾದ ಮರುಪ್ರಯೋಗಗಳಲ್ಲಿ ಅದು ಕಾಣಿಸಲೂ ಇಲ್ಲ. ಆದ್ದರಿಂದ ಉತ್ತರ ಬರೆಯುವಾಗ 'ಅಳಿಸಿಹೋಗುತ್ತದೆ' ಎನ್ನಬೇಡಿ.

ಮಿದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನ್ ಬಳಸಿದ 2004ರ ಅಧ್ಯಯನದಲ್ಲಿ, ತಡೆಯುವ ಹೊತ್ತಿಗೆ ಹಣೆಯ ಹಿಂಭಾಗದ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಚಟುವಟಿಕೆ ಏರಿ, ನೆನಪನ್ನು ಮರಳಿ ಕಟ್ಟಿಕೊಡುವ ಹಿಪೊಕ್ಯಾಂಪಸ್‌ನ ಚಟುವಟಿಕೆ ತಗ್ಗಿದ್ದು ಕಂಡಿತು. ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕ ಹೆಚ್ಚಿದ್ದವರು ಈ ತಡೆಯಲ್ಲಿ ಮೇಲುಗೈ ಸಾಧಿಸಿದರೆಂದು 2017ರಲ್ಲಿ ವರದಿಯಾಯಿತು. ನೇರವಾಗಿ ತಡೆಯುವ ಬದಲು ಆ ಜಾಗಕ್ಕೆ ಬೇರೊಂದು ನೆನಪನ್ನು ತಂದುಕೊಳ್ಳುವುದು ಇನ್ನೊಂದು ದಾರಿ. ಅದಕ್ಕೆ ದುಡಿಯುವ ಮಿದುಳಿನ ಜಾಲವೂ ಬೇರೆ.

ಬಿಳಿ ಕರಡಿಯನ್ನು ನೆನೆಯಬೇಡಿ ಎಂದರೆ ಅದೇ ಮರಳಿ ಬರುತ್ತದೆಯಲ್ಲ ಎಂಬ ಪ್ರಶ್ನೆ ಏಳುವುದು ಸಹಜ. ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ತೋರಿಸಿದ್ದು ಅದನ್ನೇ. ಆದರೆ ಅಲ್ಲಿ ತಡೆಯಬೇಕಾದ ವಸ್ತುವನ್ನೇ ಸೂಚನೆ ಹೆಸರಿಸಿ ನೆನಪಿಸುತ್ತದೆ; ಪದಜೋಡಿಯಲ್ಲಿ ಕಾಣುವುದು ಸುಳಿವು ಮಾತ್ರ.

2015ರ ನವೆಂಬರ್‌ನ ಪ್ಯಾರಿಸ್ ಭಯೋತ್ಪಾದಕ ದಾಳಿಗೆ ಸಿಲುಕಿ ಬದುಕುಳಿದವರ ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಹೊಸ ತೂಕ ತಂದಿತು. ಆಘಾತೋತ್ತರ ಒತ್ತಡದ ಕಾಯಿಲೆ ಇಲ್ಲದವರಲ್ಲಿ ಈ ತಡೆ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಕಾಯಿಲೆ ಇದ್ದವರಲ್ಲಿ ಸಡಿಲವಾಗಿತ್ತು. ಗಮನಿಸಿ, ಅವರಿಗೆ ತಡೆಯಲು ಕೊಟ್ಟದ್ದು ದಾಳಿಯ ನೆನಪನ್ನಲ್ಲ. ಪದದೊಂದಿಗೆ ಕಲಿಸಿದ ಸಾಮಾನ್ಯ ವಸ್ತುಗಳ ಚಿತ್ರಗಳನ್ನು.