ಕಪ್ ಗೆದ್ದ ಮರುವರ್ಷವೇ ಅಕ್‌ಹಿಸಾರ್ ಕೆಳಗಿಳಿದದ್ದು ಹೇಗೆ?

ಪ್ರಶ್ನೆ: ಟರ್ಕಿಯ ಅಕ್‌ಹಿಸಾರ್ ಫುಟ್‌ಬಾಲ್ ತಂಡ 2018ರಲ್ಲಿ ದೊಡ್ಡ ಕ್ಲಬ್ ಫೆನರ್‌ಬಾಹ್ಚೆಯನ್ನೇ ಸೋಲಿಸಿ ಟರ್ಕಿಶ್ ಕಪ್ ಗೆದ್ದಿತ್ತು. ಮರುವರ್ಷ ನೋಡಿದರೆ ಅಲ್ಲಿನ ಅತಿ ಮೇಲಿನ ಲೀಗ್ ಆದ ಸೂಪರ್ ಲಿಗ್‌ನಿಂದ ಹೊರಗೆ. ಹೀಗೂ ಆಗುತ್ತದಾ?

ಆಗುತ್ತದೆ. ಅಲ್ಲಿ ಕಪ್ ಬೇರೆ, ಲೀಗ್ ಬೇರೆ. ಕಪ್ ಅಂದರೆ ನಾಕೌಟ್ ಟೂರ್ನಿ, ಕೆಲವು ಪಂದ್ಯ ಚೆನ್ನಾಗಿ ಆಡಿದರೆ ಸಾಕು. ಲೀಗ್‌ನಲ್ಲಿ ಆಗ 18 ತಂಡ, 34 ಪಂದ್ಯ. ಕೊನೆಯ ಮೂರು ಸ್ಥಾನಕ್ಕೆ ಬಿದ್ದವರು ಕೆಳಗಿನ ಲೀಗ್‌ಗೆ ಹೋಗಲೇಬೇಕಿತ್ತು. ಐಪಿಎಲ್ ನೋಡಿ ಬೆಳೆದ ನಮಗೆ ಇದು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಮನೆಯಲ್ಲಿ ಕಪ್ ಇದ್ದರೂ ಲೀಗ್ ಪಟ್ಟಿಯಲ್ಲಿ ಅದಕ್ಕೆ ಒಂದು ಅಂಕವೂ ಇಲ್ಲ.

ನನಗೆ ತುಂಬ ಇಷ್ಟವಾದ ತಂಡ ಇದು, ಹಾಗಾಗಿ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಅಕ್‌ಹಿಸಾರ್ ದೊಡ್ಡ ನಗರವಲ್ಲ. ಮನೀಸಾ ಪ್ರಾಂತ್ಯದಲ್ಲಿ ನಮ್ಮ ತಾಲ್ಲೂಕು ಕೇಂದ್ರದಂಥ ಒಂದು ಊರು. ಸುತ್ತ ಆಲಿವ್ ತೋಟಗಳು. ಹೆಸರಿನ ಅರ್ಥ ಬಿಳಿ ಕೋಟೆ. ಹರಿಯಾಣದ ಹಿಸಾರ್‌ನಲ್ಲಿರುವುದೂ ಇದೇ ಪದ. ಕ್ಲಬ್ ಶುರುವಾಗಿದ್ದು 1970ರಲ್ಲಿ, ಬಣ್ಣ ಹಸಿರು ಕಪ್ಪು. ಬಹಳ ಕಾಲ ಅದರ ಹೆಸರಿನಲ್ಲಿ 'ಬೆಲೆದಿಯೆ' ಅಂತ ಇತ್ತು, ಅಂದರೆ ಪುರಸಭೆ. ಟರ್ಕಿಯ ಸಣ್ಣ ಊರುಗಳ ಎಷ್ಟೋ ತಂಡಗಳ ಬೆನ್ನಿಗೆ ನಿಲ್ಲುವುದು ಪುರಸಭೆಯೇ.

2012ರಲ್ಲಿ ತಂಡ ಮೊದಲ ಸಲ ಸೂಪರ್ ಲಿಗ್‌ಗೆ ಏರಿತು. ಆದರೆ ಪಂದ್ಯ ಆಡಿಸಲು ಊರಿನಲ್ಲಿ ತಕ್ಕ ಸ್ಟೇಡಿಯಂ ಇರಲಿಲ್ಲ. ತವರಿನ ಪಂದ್ಯವನ್ನೂ ಸುಮಾರು 50 ಕಿ.ಮೀ. ದೂರದ ಮನೀಸಾದಲ್ಲಿ ಆಡಬೇಕು. ಐದೂವರೆ ವರ್ಷ ಹೀಗೇ ನಡೆಯಿತು. 2018ರ ಜನವರಿಯಲ್ಲಿ ಸುಮಾರು 12 ಸಾವಿರ ಜನ ಕೂರುವ ಸ್ವಂತ ಸ್ಟೇಡಿಯಂ ಬಂತು. ಮೇ 10ರಂದು ದಿಯಾರ್‌ಬಕಿರ್‌ನಲ್ಲಿ ಕಪ್ ಫೈನಲ್, ಫೆನರ್‌ಬಾಹ್ಚೆ ವಿರುದ್ಧ 3-2. ಆಗಸ್ಟ್‌ನಲ್ಲಿ ಲೀಗ್ ಚಾಂಪಿಯನ್ ಗಲಾತಸರಾಯ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು, ಲೀಗ್ ಗೆದ್ದವರೂ ಕಪ್ ಗೆದ್ದವರೂ ಆಡುವ ಸೂಪರ್ ಕಪ್ ಕೂಡ ಬಂತು.

ಕಷ್ಟ ಶುರುವಾಗಿದ್ದೂ ಅಲ್ಲಿಂದಲೇ. ಕಪ್ ಗೆಲ್ಲಿಸಿದ ಕೋಚ್ ಓಕಾನ್ ಬುರುಕ್ ಆ ಬೇಸಿಗೆಯಲ್ಲೇ ಹೊರಟರು. ಕಪ್ ಗೆದ್ದಿದ್ದಕ್ಕೆ ಯುರೋಪಿನ ಕ್ಲಬ್‌ಗಳ ಟೂರ್ನಿ ಯುರೋಪಾ ಲೀಗ್‌ನಲ್ಲಿ ಆಡುವ ಅವಕಾಶ ಸಿಕ್ಕಿತು, ಗುಂಪಿನಲ್ಲಿ ಸ್ಪೇನ್‌ನ ಸೆವಿಯ್ಯಾದಂಥ ತಂಡ. ಗುರುವಾರ ಯುರೋಪ್, ವಾರದ ಕೊನೆಗೆ ಲೀಗ್. ಸಣ್ಣ ಕ್ಲಬ್‌ಗೆ ಎರಡನ್ನೂ ನಿಭಾಯಿಸುವಷ್ಟು ಆಟಗಾರರು ಎಲ್ಲಿಂದ ಬರಬೇಕು? ಆದರೂ 2019ರ ಮೇನಲ್ಲಿ ಮತ್ತೆ ಕಪ್ ಫೈನಲ್ ತನಕ ಬಂದರು. ಗಲಾತಸರಾಯ್ ಕೈಲಿ 3-1ರಿಂದ ಸೋತರು, ಲೀಗ್‌ನಿಂದಲೂ ಇಳಿದರು. 2021ರಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗೆ.

ಒಮ್ಮೆ ಇಳಿದವರಿಗೆ ಮತ್ತೆ ಏರುವುದು ಯಾಕೆ ಅಷ್ಟು ಕಷ್ಟ? ದುಡ್ಡು. ಸೂಪರ್ ಲಿಗ್‌ನ ಟಿವಿ ಹಣ ನಿಂತುಹೋಗುತ್ತದೆ. ಆದರೆ ಆಟಗಾರರ ಜೊತೆ ಮಾಡಿಕೊಂಡ ಒಪ್ಪಂದ ಹಾಗೇ ಇರುತ್ತದೆ. ಸಂಬಳ ಬಾಕಿ ಬಿದ್ದರೆ ಹೊಸ ಆಟಗಾರರನ್ನು ಸೇರಿಸಿಕೊಳ್ಳದಂತೆ ತಡೆ ಬೀಳಬಹುದು. ಆಗ ಅಕಾಡೆಮಿಯ ಹುಡುಗರನ್ನೇ ಇಳಿಸಬೇಕಾಗುತ್ತದೆ.

ಅಂದ ಹಾಗೆ, ಟರ್ಕಿಯ ಲೀಗ್‌ಗಳ ಹೆಸರು ನೋಡಿ ಮೋಸ ಹೋಗಬೇಡಿ. '1. ಲಿಗ್' ಅಂದರೆ ಎರಡನೇ ಹಂತ, '2. ಲಿಗ್' ಮೂರನೆಯದು, '3. ಲಿಗ್' ನಾಲ್ಕನೆಯದು.

2010ರ ಸೂಪರ್ ಲಿಗ್ ಚಾಂಪಿಯನ್ ಬುರ್ಸಾಸ್ಪೋರ್ ಕೂಡ 2019ರಲ್ಲೇ ಇಳಿಯಿತು, 2024ರ ಹೊತ್ತಿಗೆ 3. ಲಿಗ್‌ನಲ್ಲಿತ್ತು. ಆದರೆ ಬುರ್ಸಾ ದೊಡ್ಡ ನಗರ. ಆ ಹಂತದಲ್ಲೂ ಜನ ಸ್ಟೇಡಿಯಂ ತುಂಬಿಸಿದರು, ಮರುವರ್ಷವೇ ತಂಡ ಮೇಲೆ ಬಂತು. ಅಕ್‌ಹಿಸಾರ್‌ಗೆ ಅಂಥ ಜನಬಲ ಇಲ್ಲ. ಅಷ್ಟು ವರ್ಷ ಕಾದು ಪಡೆದ ಸ್ಟೇಡಿಯಂನಲ್ಲಿ ಊರಿನವರು ಸೂಪರ್ ಲಿಗ್ ನೋಡಿದ್ದು ಬರೀ ಒಂದೂವರೆ ಸೀಸನ್. ನನಗೆ ಬೇಜಾರಾಗುವುದು ಅದಕ್ಕೇ.