ಸೈನಸ್ ಎಕ್ಸ್‌ರೇಗೆ ಗದ್ದ ಎತ್ತಿ ನಿಲ್ಲಿಸುವುದೇಕೆ?

ಪ್ರಶ್ನೆ: ಕೆನ್ನೆ ನೋವೆಂದು ಸೈನಸ್ ಎಕ್ಸ್‌ರೇ ಬರೆದುಕೊಟ್ಟಿದ್ದರು. ಸ್ಟ್ಯಾಂಡಿನ ಕಡೆಗೆ ಮುಖ ಮಾಡಿಸಿ, ಗದ್ದ ಎತ್ತಿಸಿ, ಬಾಯಿ ತೆರೆಸಿ ನಿಲ್ಲಿಸಿದರು. ಮಲಗಿಸಿಯೇ ತೆಗೆಯಬಾರದೆ?

ಉತ್ತರ: ಮಲಗಿಸಿದರೆ ಚಿತ್ರವೇನೋ ಬರುತ್ತದೆ, ಆದರೆ ವೈದ್ಯರು ಹುಡುಕುವ ಗುರುತು ಅದರಲ್ಲಿ ಕಾಣದೆ ಹೋಗಬಹುದು. ಸೈನಸ್‌ನಲ್ಲಿ, ಅಂದರೆ ಮುಖದ ಮೂಳೆಗಳೊಳಗಿನ ಗಾಳಿಯ ಪೊಳ್ಳಿನಲ್ಲಿ, ಕೀವೋ ನೀರೋ ನಿಂತಿದ್ದರೆ, ತಂಬಿಗೆಯ ನೀರಿನಂತೆ ಅದರ ಮೇಲ್ಮೈ ಸಮತಲವಾಗಿರುತ್ತದೆ. ಕಿರಣ ನೆಲಕ್ಕೆ ಸಮಾನಾಂತರವಾಗಿ ಹಾದುಹೋದಾಗ ಮಾತ್ರ ಆ ಮಟ್ಟ ನೇರ ಗೆರೆಯಾಗಿ ಮೂಡುತ್ತದೆ, ಮುಖದ ಈ ಚಿತ್ರದಲ್ಲಿ ಅದಕ್ಕಾಗಿ ರೋಗಿ ನಿಂತೋ ಕುಳಿತೋ ಇರಬೇಕು. ಮಲಗಿದವರ ಮೇಲಿಂದ ಕಿರಣ ಬಿಟ್ಟರೆ ದ್ರವ ಹರಡಿಕೊಂಡು, ಸೈನಸ್ ಇಡಿಯಾಗಿ ಮಸುಕಾಗಿ ಕಾಣುತ್ತದೆ.

ಗದ್ದ ಎತ್ತಿಸುವುದಕ್ಕೆ ಕಾರಣವೇ ಬೇರೆ. ಒಳಕಿವಿಯನ್ನು ಸುತ್ತುವರಿದಿರುವ ಪೆಟ್ರಸ್ ಮೂಳೆ ಬಹಳ ದಟ್ಟವಾದದ್ದು. ಮುಖವನ್ನು ನೇರವಾಗಿಟ್ಟರೆ ಅದರ ನೆರಳು ಕೆನ್ನೆಯೊಳಗಿನ ಮ್ಯಾಕ್ಸಿಲರಿ ಸೈನಸ್‌ಗಳ ಮೇಲೆಯೇ ಬೀಳಬಹುದು. ಕಣ್ಣಿನ ಹೊರತುದಿಯಿಂದ ಕಿವಿಯ ರಂಧ್ರಕ್ಕೆ ಎಳೆದ ಕಲ್ಪಿತ ಗೆರೆಯು ಫಿಲ್ಮಿನ ಜೊತೆ 37 ಡಿಗ್ರಿ ಕೋನ ಮಾಡುವಷ್ಟು ಗದ್ದ ಎತ್ತಿದಾಗ ಆ ನೆರಳು ಸೈನಸ್‌ನ ತಳಕ್ಕಿಂತ ಕೆಳಗಿಳಿಯುತ್ತದೆ. ಗದ್ದ ಫಿಲ್ಮಿಗೆ ತಾಗಿ, ಮೂಗು ತುಸು ದೂರದಲ್ಲಿರುವ ಈ ಭಂಗಿಗೆ ವಾಟರ್ಸ್ ವ್ಯೂ ಎಂದು ಹೆಸರು. ಕಡಿಮೆ ಎತ್ತಿದರೆ ನೆರಳು ಅಲ್ಲೇ ಉಳಿಯುತ್ತದೆ, ಅತಿಯಾಗಿ ಎತ್ತಿದರೆ ಸೈನಸ್‌ಗಳೇ ಕುಗ್ಗಿದಂತೆ ಕಾಣುತ್ತವೆ. ಬಾಯಿ ತೆರೆಸುವುದು ಹಿಂಭಾಗದ ಸ್ಫಿನಾಯ್ಡ್ ಸೈನಸ್ ಆ ಸಂದಿಯಲ್ಲಿ ಕಾಣಲೆಂದು. ಆಗ ಕೆಳದವಡೆ ಮಾತ್ರ ಇಳಿಯಬೇಕು, ತಲೆ ಅಲುಗಬಾರದು. ಹೇಳುವಷ್ಟು ಸುಲಭದ ಕೆಲಸವಲ್ಲ ಇದು, ಮತ್ತೊಮ್ಮೆ ಚಿತ್ರ ತೆಗೆಯಬೇಕಾಗುವುದು ಹೆಚ್ಚಾಗಿ ಇಂಥ ಸಣ್ಣ ಅಲುಗಾಟದಿಂದಲೇ.

ಮುಖ ಫಿಲ್ಮಿನ ಕಡೆಗಿರುವುದರಿಂದ ಎರಡು ಲಾಭಗಳಿವೆ: ಮುಖದ ಮೂಳೆಗಳು ಸ್ಪಷ್ಟವಾಗಿ ಮೂಡುತ್ತವೆ, ಕಿರಣ ತಲೆಯ ಹಿಂದಿನಿಂದ ಬರುವುದರಿಂದ ಕಣ್ಣಿನ ಮಸೂರಕ್ಕೆ ತಗಲುವ ಪ್ರಮಾಣವೂ ತಗ್ಗುತ್ತದೆ. ತಲೆ ಒಂದು ಬದಿಗೆ ತಿರುಗಿದೆಯೇ ಎಂದು ತಿಳಿಯಲು, ಕಣ್ಣುಗುಳಿಯ ಹೊರ ಅಂಚಿನಿಂದ ತಲೆಬುರುಡೆಯ ಅಂಚಿಗಿರುವ ದೂರ ಎರಡೂ ಕಡೆ ಸಮವಾಗಿದೆಯೇ ಎಂದು ನೋಡುತ್ತಾರೆ. ಮೂಗುತಿ, ಓಲೆ, ಹೇರ್‌ಪಿನ್, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಇವುಗಳನ್ನು ಮೊದಲೇ ತೆಗೆದಿಡಬೇಕು.

ಅಪಘಾತದಲ್ಲಿ ಪೆಟ್ಟಾದವರಿಗೆ ಮಾತ್ರ ಈ ಭಂಗಿ ಸಲ್ಲದು. ಕತ್ತಿನ ಮೂಳೆಗೆ ಪೆಟ್ಟಿಲ್ಲವೆಂದು ಖಚಿತವಾಗುವವರೆಗೆ ತಲೆಯನ್ನು ಎತ್ತದೆ, ತಿರುಗಿಸದೆ, ಮಲಗಿದ್ದಂತೆಯೇ ಬಿಟ್ಟು ಎಕ್ಸ್‌ರೇ ಟ್ಯೂಬನ್ನೇ ಓರೆ ಮಾಡಿಕೊಳ್ಳಬೇಕಾಗುತ್ತದೆ. ದ್ರವದ ಮಟ್ಟ ನೋಡಬೇಕಾದರೆ ಮಗ್ಗುಲಿನಿಂದ ಅಡ್ಡಲಾಗಿ ಕಿರಣ ಹಾಯಿಸುತ್ತಾರೆ. ಆ ಚಿತ್ರದಲ್ಲಿ ಸ್ಫಿನಾಯ್ಡ್ ಸೈನಸ್‌ನಲ್ಲಿ ದ್ರವ ಕಂಡರೆ ಬುರುಡೆಯ ತಳದ ಮೂಳೆ ಬಿರುಕು ಬಿಟ್ಟಿರಬಹುದೆಂದು ಶಂಕಿಸಿ ಸಿ.ಟಿ. ಸ್ಕ್ಯಾನ್‌ಗೆ ಕಳುಹಿಸುತ್ತಾರೆ.