ಓದುಗರ ಪ್ರಶ್ನೆ: ಕಾಲೇಜು ರಜೆಯಲ್ಲಿ ಹೊರದೇಶಕ್ಕೆ ಹೋಗಿ ದುಡಿದು ಬಂದರೆ ಖರ್ಚು ಗಿಟ್ಟುತ್ತಾ?

"ಡಿಗ್ರಿ ಓದುತ್ತಿದ್ದೇನೆ. ಬೇಸಿಗೆ ರಜೆಯಲ್ಲಿ ಎರಡು ಮೂರು ತಿಂಗಳು ಹೊರದೇಶದಲ್ಲಿ ಕೆಲಸ ಮಾಡಬೇಕು ಅಂತ ಆಸೆ. ಕೈಯಲ್ಲಿ ದುಡ್ಡು ಕಡಿಮೆ. ಏಜೆಂಟರು ಕೇಳುವ ಮೊತ್ತ ನೋಡಿದರೆ ತಲೆ ತಿರುಗುತ್ತದೆ. ಕಡಿಮೆ ಖರ್ಚಿನ ದಾರಿ ಇದೆಯಾ?"

ಇದೆ. ಆದರೆ ಈ ವಿಷಯ ಬಂದಾಗ ಎಲ್ಲರೂ ಮೊದಲು ಕೇಳುವುದು "ಗಂಟೆಗೆ ಎಷ್ಟು ಕೊಡ್ತಾರೆ?" ಅಂತ. ಅದಕ್ಕಿಂತ ಮೊದಲು ಕೇಳಬೇಕಾದ ಮಾತು ಎರಡಿವೆ. ಮಲಗಲು ಜಾಗ ಯಾರು ಕೊಡುತ್ತಾರೆ? ವಾರಕ್ಕೆ ಕನಿಷ್ಠ ಎಷ್ಟು ಗಂಟೆ ಕೆಲಸ ಖಾತ್ರಿ? ದುಡ್ಡು ಉಳಿಯುವುದು ಬಿಡುವುದು ಈ ಎರಡರ ಮೇಲೇ ನಿಂತಿದೆ.

ಒಂದು ಲೆಕ್ಕ ಹಾಕಿ ನೋಡೋಣ. ಅಮೆರಿಕದ ಒಂದು ಪ್ರವಾಸಿ ಊರಿನ ಹೋಟೆಲಿನಲ್ಲಿ ಗಂಟೆಗೆ 12 ಡಾಲರ್ ಕೂಲಿ, 12 ವಾರ ಕೆಲಸ ಅಂತಿಟ್ಟುಕೊಳ್ಳಿ. ವಾರಕ್ಕೆ 35 ಗಂಟೆ ಸಿಕ್ಕರೆ ಒಟ್ಟು 5,040 ಡಾಲರ್. ಬಾಡಿಗೆ ವಾರಕ್ಕೆ 130ರಂತೆ 1,560 ಹೋಯಿತು. ಊಟಕ್ಕೆ ವಾರಕ್ಕೆ 70 ಹಿಡಿದರೆ 840. ತೆರಿಗೆಗೆ ಸುಮಾರು 500. ಕೈಗೆ ಉಳಿದದ್ದು 2,140. ಇದರಲ್ಲಿ ವಿಮಾನದ ಟಿಕೆಟ್ಟು, ವೀಸಾ, ಕಾರ್ಯಕ್ರಮದ ಫೀಸು ಎಲ್ಲ ತೂಗಬೇಕು. ಕಷ್ಟಪಟ್ಟು ತೂಗಿಸಬಹುದು. ಈಗ ಅದೇ ಕೆಲಸದಲ್ಲಿ ವಾರಕ್ಕೆ 24 ಗಂಟೆ ಮಾತ್ರ ಸಿಕ್ಕಿತು ಅನ್ನಿ. ಸಂಪಾದನೆ 3,456ಕ್ಕೆ ಇಳಿಯುತ್ತದೆ, ಬಾಡಿಗೆ ಊಟ ಮಾತ್ರ ಅಷ್ಟೇ ಇರುತ್ತದೆ. ಸಂಪಾದನೆ ಜೊತೆ ತೆರಿಗೆಯೂ ಇಳಿಯುತ್ತದೆ, ಅದನ್ನು ಕಳೆದರೆ ಉಳಿಯುವುದು 700 ಚಿಲ್ಲರೆ. ಟಿಕೆಟ್ಟಿನ ದುಡ್ಡೂ ಹುಟ್ಟುವುದಿಲ್ಲ.

ಕೂಲಿ ಒಂದು ಪೈಸೆಯೂ ಬದಲಾಗಿಲ್ಲ, ಗಮನಿಸಿ. ಹಾಗಾಗಿ ಕರಾರು ಪತ್ರದಲ್ಲಿ "ವಾರಕ್ಕೆ 40 ಗಂಟೆಯವರೆಗೆ" ಅಂತಿದ್ದರೆ ಖುಷಿಪಡಬೇಡಿ. ಹತ್ತು ಗಂಟೆ ಕೊಟ್ಟರೂ ಅವರು ಮಾತು ತಪ್ಪಿದ ಹಾಗಾಗುವುದಿಲ್ಲ. ಕನಿಷ್ಠ ಇಷ್ಟು ಗಂಟೆ ಅಂತ ಬರೆದು ಕೊಡಿ ಎಂದು ಕೇಳಿ. ಕೊಡಲು ಹಿಂಜರಿದರೆ ಬೇರೆ ಕೆಲಸ ಹುಡುಕಿ.

ಇನ್ನು ಪರವಾನಗಿ. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಏನಾದರೂ ಹುಡುಕಿಕೊಳ್ಳುತ್ತೇನೆ ಅನ್ನುವ ಯೋಚನೆ ಬಿಟ್ಟುಬಿಡಿ. ಸಿಕ್ಕಿಬಿದ್ದರೆ ವಾಪಸ್ ಕಳಿಸುತ್ತಾರೆ, ಮುಂದಿನ ವೀಸಾಗಳಿಗೂ ಅದು ಅಡ್ಡ ಬರುತ್ತದೆ. ಸಿಕ್ಕಿಬೀಳದಿದ್ದರೂ ಮಾಲೀಕ ಕೂಲಿ ಕೊಡದೇ ಹೋದರೆ ಯಾರ ಹತ್ತಿರ ಹೋಗಿ ಹೇಳುತ್ತೀರಿ?

ವಿದ್ಯಾರ್ಥಿಗಳಿಗೆಂದೇ ಇರುವ ದಾರಿಗಳಲ್ಲಿ ಹೆಚ್ಚು ಹೆಸರು ಕೇಳಿಬರುವುದು ಅಮೆರಿಕದ ಜೆ-1 ವೀಸಾದ (ವಿನಿಮಯ ಕಾರ್ಯಕ್ರಮಗಳಿಗೆ ಬರುವವರಿಗೆ ಕೊಡುವ ವೀಸಾ) ಸಮ್ಮರ್ ವರ್ಕ್ ಟ್ರಾವೆಲ್ ಕಾರ್ಯಕ್ರಮ. ಅಮೆರಿಕದ ಹೊರಗಿನ ಕಾಲೇಜಿನಲ್ಲಿ ಪೂರ್ಣಾವಧಿ ಓದುತ್ತಿರುವವರು, ಕನಿಷ್ಠ ಒಂದು ಸೆಮಿಸ್ಟರ್ ಮುಗಿಸಿದವರು ಹೋಗಬಹುದು. ಹೆಚ್ಚೆಂದರೆ ನಾಲ್ಕು ತಿಂಗಳು. ಇಲ್ಲಿ ಲೆಕ್ಕಕ್ಕೆ ಬರುವುದು ನಿಮ್ಮ ಕಾಲೇಜಿನ ದೊಡ್ಡ ರಜೆ, ಅಮೆರಿಕದ ಬೇಸಿಗೆಯಲ್ಲ. ದಕ್ಷಿಣ ಗೋಳಾರ್ಧದ ಹುಡುಗರು ಡಿಸೆಂಬರ್ ಚಳಿಯಲ್ಲಿ ಹೋಗಿ ಸ್ಕೀ ರೆಸಾರ್ಟುಗಳಲ್ಲಿ ದುಡಿಯುವುದು ಇದಕ್ಕೇ.

ಈ ಕಾರ್ಯಕ್ರಮದ ಇತಿಹಾಸದಲ್ಲಿ ಒಂದು ಕಹಿ ಅಧ್ಯಾಯವಿದೆ. 2011ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ಒಂದು ಚಾಕೊಲೇಟ್ ಪ್ಯಾಕಿಂಗ್ ಗೋದಾಮಿನಿಂದ ನೂರಾರು ವಿದೇಶಿ ವಿದ್ಯಾರ್ಥಿಗಳು ಕೆಲಸ ಬಿಟ್ಟು ಹೊರಬಂದು ಪ್ರತಿಭಟಿಸಿದರು. ರಾತ್ರಿ ಪಾಳಿ, ಭಾರ ಎತ್ತುವ ಕೆಲಸ, ಬಾಡಿಗೆಯನ್ನು ಸಂಬಳದಲ್ಲೇ ಮುರಿದುಕೊಳ್ಳುವುದು, ಇವೆಲ್ಲ ಅವರ ದೂರು. ಮರುವರ್ಷವೇ ಅಮೆರಿಕದ ವಿದೇಶಾಂಗ ಇಲಾಖೆ ನಿಯಮ ಬಿಗಿ ಮಾಡಿತು. ಗೋದಾಮು, ಕಾರ್ಖಾನೆ, ಕಟ್ಟಡ ಕೆಲಸಗಳು ಈಗ ಈ ವೀಸಾದಲ್ಲಿ ನಿಷಿದ್ಧ. ಹೆಚ್ಚಿನ ಪಾಲು ರಾತ್ರಿ 10ರಿಂದ ಬೆಳಗ್ಗೆ 6ರೊಳಗೆ ಬರುವ ಪಾಳಿಯೂ ಇಲ್ಲ. ನಿಮಗೆ ಕಳಿಸಿದ ಆಫರ್‌ನಲ್ಲಿ ಇಂಥ ಕೆಲಸ ಕಂಡರೆ ಅದನ್ನು ಕಳಿಸಿದವರ ಮೇಲೆ ಅನುಮಾನ ಪಡಿ.

ಇದರಲ್ಲಿ ಇಲಾಖೆಯ ಮಾನ್ಯತೆ ಇರುವ ಸ್ಪಾನ್ಸರ್ ಸಂಸ್ಥೆಯ ಮೂಲಕವೇ ಹೋಗಬೇಕು. ಆ ಸಂಸ್ಥೆ ಡಿಎಸ್-2019 ಎಂಬ ಫಾರಂ ಕೊಟ್ಟ ಮೇಲೇ ವೀಸಾಗೆ ಅರ್ಜಿ. ಹಾಗಾಗಿ ಫೀಸು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಆದರೆ ಬಿಡಿ ಬಿಡಿಯಾಗಿ ಪಟ್ಟಿ ಕೇಳಬಹುದು. ಹೊರದೇಶದ ವಿದ್ಯಾರ್ಥಿಗಳ ದಾಖಲೆ ಇಡುವ ವ್ಯವಸ್ಥೆಗಾಗಿ ಸರ್ಕಾರ ತೆಗೆದುಕೊಳ್ಳುವ ಸೆವಿಸ್ ಶುಲ್ಕ ಈ ಕಾರ್ಯಕ್ರಮಕ್ಕೆ 35 ಡಾಲರ್, ಬೇರೆ ಬಹುಪಾಲು ಜೆ-1 ವರ್ಗಗಳಿಗೆ 220. ನಿಮ್ಮ ಪಟ್ಟಿಯಲ್ಲಿ 220 ಅಂತಿದ್ದರೆ ಯಾಕೆ ಅಂತ ಕೇಳಿ. ಸುಮ್ನೆ ಕೇಳಿ ನೋಡಿ, ಉತ್ತರ ಕೊಡುವ ರೀತಿಯಲ್ಲೇ ಏಜೆಂಟ್ ಎಂಥವನು ಅಂತ ಗೊತ್ತಾಗುತ್ತದೆ.

ಮೇರಿಲ್ಯಾಂಡ್‌ನ ಓಷನ್ ಸಿಟಿ, ವಿಸ್ಕಾನ್ಸಿನ್ ಡೆಲ್ಸ್, ಕೇಪ್ ಕಾಡ್‌ನಂಥ ಅಮೆರಿಕದ ಪ್ರವಾಸಿ ಜಾಗಗಳಲ್ಲಿ ಕೆಲಸಕ್ಕೆ ಬರ ಇಲ್ಲ, ಮನೆಗೆ ಬರ. ಸೀಸನ್ ಶುರುವಾದ ಮೇಲೆ ಹೋಗಿ ಮನೆ ಹುಡುಕಿದರೆ ಒಂದು ಕೋಣೆಯಲ್ಲಿ ನಾಲ್ಕೈದು ಜನ ತುಂಬಿಕೊಂಡು ಜಾಸ್ತಿ ಬಾಡಿಗೆ ಕೊಡಬೇಕಾದೀತು. ನನ್ನನ್ನು ಕೇಳಿದರೆ ಕೈಯಲ್ಲಿ ದುಡ್ಡಿಲ್ಲದವರಿಗೆ ಇದಕ್ಕಿಂತ ಮಕ್ಕಳ ಬೇಸಿಗೆ ಶಿಬಿರದ ಕೆಲಸವೇ ವಾಸಿ. ಅದಕ್ಕೆ ಜೆ-1ನಲ್ಲೇ ಬೇರೆ ವರ್ಗವಿದೆ. ಸಂಬಳ ಕಡಿಮೆ, ಒಪ್ಪುತ್ತೇನೆ. ಆದರೆ ಊಟ, ಹಾಸಿಗೆ ಎರಡೂ ಶಿಬಿರದ್ದೇ. ಕಾಡಿನ ಮಧ್ಯೆ ಇರುವುದರಿಂದ ಖರ್ಚು ಮಾಡಲು ಅಂಗಡಿಯೂ ಇರುವುದಿಲ್ಲ!

ಯುರೋಪಿನಲ್ಲಿ ಜರ್ಮನಿಯ ದಾರಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಹೊರದೇಶದ ಕಾಲೇಜುಗಳ ವಿದ್ಯಾರ್ಥಿಗಳು ರಜೆಯಲ್ಲಿ ಬಂದು 12 ತಿಂಗಳಲ್ಲಿ 90 ದಿನದವರೆಗೆ ಕೆಲಸ ಮಾಡಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಮುಖ್ಯ ಷರತ್ತು, ಕೆಲಸ ಅಲ್ಲಿನ ಸರ್ಕಾರಿ ಉದ್ಯೋಗ ಇಲಾಖೆಯ ಮೂಲಕವೇ ನಿಗದಿಯಾಗಬೇಕು. ಖಾಸಗಿ ಏಜೆಂಟರಿಗೆ ಇಲ್ಲಿ ಕೆಲಸವಿಲ್ಲ, ಕಡಿಮೆ ಖರ್ಚು ಅನ್ನುವವರಿಗೆ ಅದೇ ದೊಡ್ಡ ಅನುಕೂಲ. ಸ್ವಲ್ಪವಾದರೂ ಜರ್ಮನ್ ಭಾಷೆ ಬಂದರೆ ಅವಕಾಶ ಹೆಚ್ಚು.

ಬ್ರಿಟನ್ನಿನ ಸೀಸನಲ್ ವರ್ಕರ್ ವೀಸಾ ವಿದ್ಯಾರ್ಥಿಗಳಿಗೆಂದು ಮಾಡಿದ್ದಲ್ಲ, ಆದರೆ 18 ತುಂಬಿದವರಿಗೆ ತೆರೆದಿದೆ. ಹಣ್ಣು, ತರಕಾರಿ, ಹೂವಿನ ತೋಟಗಳಲ್ಲಿ ಆರು ತಿಂಗಳವರೆಗೆ ಕೆಲಸ. ವಾರಕ್ಕೆ ಕನಿಷ್ಠ 32 ಗಂಟೆಯ ಸಂಬಳ ಕೊಡಲೇಬೇಕು ಎಂಬ ನಿಯಮವಿದೆ. ಮೇಲೆ ಹೇಳಿದ ಲೆಕ್ಕ ನೆನಪಿದ್ದರೆ ಇದರ ಬೆಲೆ ಗೊತ್ತಾಗುತ್ತದೆ. ಬಾಡಿಗೆಗೂ ಕಡಿವಾಣವಿದೆ: ಮಾಲೀಕರೇ ವಸತಿ ಕೊಟ್ಟರೆ ಕನಿಷ್ಠ ಕೂಲಿಯಲ್ಲಿ ಅದಕ್ಕಾಗಿ ಮುರಿದುಕೊಳ್ಳಬಹುದಾದ ಮೊತ್ತಕ್ಕೆ ಮಿತಿ ಇದೆ, 2025ರ ಏಪ್ರಿಲ್‌ನಲ್ಲಿ ಅದು ದಿನಕ್ಕೆ 10.66 ಪೌಂಡ್ ಇತ್ತು. ಆದರೆ ಬೆಳಗ್ಗೆ ಬೇಗ ಎದ್ದು ಮಳೆ ಬಿಸಿಲೆನ್ನದೆ ಬಗ್ಗಿ ಸ್ಟ್ರಾಬೆರಿ ಕೀಳುವ ಕೆಲಸ. ಮೊದಲ ವಾರ ಸೊಂಟ ಬಿದ್ದುಹೋಗುತ್ತದೆ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾದ ವರ್ಕಿಂಗ್ ಹಾಲಿಡೇ ವೀಸಾ (ಊರು ಸುತ್ತುತ್ತಾ ದುಡಿಯಲು ಬಿಡುವ ವೀಸಾ) ನಿಮ್ಮ ದೇಶದ ಜೊತೆ ಒಪ್ಪಂದ ಇದ್ದರೆ ಮಾತ್ರ ಸಿಗುತ್ತದೆ. ಸಾಮಾನ್ಯವಾಗಿ 18ರಿಂದ 30 ವಯಸ್ಸು, ಕೆಲವರಿಗೆ 35ರವರೆಗೆ. ಕೆಲವು ದೇಶದವರಿಗೆ ಲಾಟರಿಯೂ ಉಂಟು. ಎರಡು ತಿಂಗಳ ರಜೆಗೆ ಇದು ಜಾಸ್ತಿಯಾಯಿತು ಅನ್ನಿಸುತ್ತದೆ, ಡಿಗ್ರಿ ಮುಗಿದ ಮೇಲೆ ಯೋಚಿಸಿ.

ವಿಜ್ಞಾನ, ಇಂಜಿನಿಯರಿಂಗ್ ಓದುವವರಿಗೆ ಮಾತ್ರ ಎಲ್ಲಕ್ಕಿಂತ ಅಗ್ಗದ ದಾರಿ ಒಂದಿದೆ. ಅದೇ ಸಂಬಳದ ಇಂಟರ್ನ್‌ಶಿಪ್. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯ ಪ್ರತಿ ಬೇಸಿಗೆ ವಿದ್ಯಾರ್ಥಿಗಳನ್ನು ಕರೆಸಿಕೊಂಡು ಇರುವ ಖರ್ಚಿಗೆ ಭತ್ಯೆ ಕೊಡುತ್ತದೆ. ಜಪಾನಿನ ಓಕಿನಾವಾದ ವಿಜ್ಞಾನ ಸಂಸ್ಥೆ ತನ್ನ ಸಂಶೋಧನಾ ಇಂಟರ್ನ್‌ಗಳಿಗೆ ವಿಮಾನದ ಟಿಕೆಟ್ಟು, ಕೋಣೆ ಎರಡನ್ನೂ ಕೊಡುತ್ತದೆ. 1948ರಿಂದ ನಡೆದುಬಂದಿರುವ ಐಎಇಎಸ್‌ಟಿಇ ಎಂಬ ವಿದ್ಯಾರ್ಥಿ ವಿನಿಮಯ ಸಂಸ್ಥೆ ಹಲವು ದೇಶಗಳಲ್ಲಿ ತಾಂತ್ರಿಕ ವಿದ್ಯಾರ್ಥಿಗಳಿಗೆ ಜೀವನ ಖರ್ಚು ತೂಗುವಷ್ಟು ಸಂಬಳದ ಕೆಲಸ ಹೊಂದಿಸುತ್ತದೆ. ಇವುಗಳಿಗೆ ಅಂಕ ಬೇಕು, ಪೈಪೋಟಿ ಇದೆ, ನಿಜ. ಆದರೂ ಬಹಳ ಜನ ಇವನ್ನು ಕಳೆದುಕೊಳ್ಳುವುದು ಅಂಕ ಕಡಿಮೆಯಾಗಿ ಅಲ್ಲ, ತಡವಾಗಿ. ಬೇಸಿಗೆಯ ಕೆಲಸಕ್ಕೆ ಅರ್ಜಿ ಹಾಕುವ ಕಾಲ ಹಿಂದಿನ ಸೆಪ್ಟೆಂಬರಿನಿಂದ ಜನವರಿಯವರೆಗೆ. ಏಪ್ರಿಲ್‌ನಲ್ಲಿ ಹುಡುಕಲು ಕೂತವರಿಗೆ ಸಿಗುವುದು ಏಜೆಂಟರ ಜಾಹೀರಾತು ಅಷ್ಟೇ.

ಊಟ-ವಸತಿಗೆ ಬದಲಾಗಿ ದಿನಕ್ಕೆ ನಾಲ್ಕೈದು ಗಂಟೆ ತೋಟದ ಕೆಲಸ ಮಾಡುವ ಪದ್ಧತಿ 1971ರಲ್ಲಿ ಇಂಗ್ಲೆಂಡಿನಲ್ಲಿ ವೂಫ್ ಎಂಬ ಹೆಸರಿನಲ್ಲಿ ಶುರುವಾಯಿತು. ಈಗ ಎಲ್ಲೆಡೆ ಇದೆ. ಊರು ನೋಡಲು ಚೆನ್ನ, ಸಂಪಾದನೆ ಮಾತ್ರ ಸೊನ್ನೆ. ಇನ್ನೊಂದು ವಿಷಯ, ದುಡ್ಡು ಕೈಗೆ ಬರದಿದ್ದರೂ ಹಲವು ದೇಶಗಳು ಇದನ್ನು ಕೆಲಸವೆಂದೇ ಲೆಕ್ಕ ಹಾಕುತ್ತವೆ. ಅಮೆರಿಕಕ್ಕೆ ಪ್ರವಾಸಿ ವೀಸಾದಲ್ಲಿ ಹೋಗಿ ಹೀಗೆ ಮಾಡುವಂತಿಲ್ಲ.

ಏಜೆಂಟರ ಬಗ್ಗೆ ಕೇಳಿದ್ದಿರಿ. ಕೆಲಸಗಾರನಿಂದ ದುಡ್ಡು ತೆಗೆದುಕೊಳ್ಳಬಾರದು ಅನ್ನುವುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಡಂಬಡಿಕೆಯ ಮೂಲ ನಿಯಮ. ಬ್ರಿಟನ್ನಿನಲ್ಲಿ ಕೆಲಸ ಹುಡುಕಿಕೊಟ್ಟಿದ್ದಕ್ಕೆ ಅಭ್ಯರ್ಥಿಯಿಂದ ಫೀಸು ಪಡೆಯುವುದು 1973ರ ಕಾಯ್ದೆಯಿಂದಲೇ ಅಪರಾಧ. ವೀಸಾ ಶುಲ್ಕ, ಟಿಕೆಟ್ಟು ಬೇರೆ, "ಕೆಲಸ ಕೊಡಿಸಿದ್ದಕ್ಕೆ" ಅಂತ ಕೇಳುವ ದುಡ್ಡು ಬೇರೆ. ಸಂದರ್ಶನವೇ ಇಲ್ಲದೆ ಆಫರ್ ಬಂದರೆ, ನಾಳೆಯೊಳಗೆ ದುಡ್ಡು ಕಟ್ಟಿ ಅಂದರೆ, ಪಾಸ್‌ಪೋರ್ಟ್ ನಮ್ಮ ಹತ್ತಿರವೇ ಇರಲಿ ಅಂದರೆ ಅಲ್ಲಿಗೆ ಮಾತು ನಿಲ್ಲಿಸಿ. ಆಫರ್ ಕೊಟ್ಟ ಹೋಟೆಲ್ಲಿನ ನಂಬರನ್ನು ಏಜೆಂಟನ ಕಾಗದದಿಂದ ತೆಗೆದುಕೊಳ್ಳದೆ ನೀವೇ ಹುಡುಕಿ, ಫೋನ್ ಮಾಡಿ ವಿಚಾರಿಸಿ.

ಈಗಾಗಲೇ ಹೊರದೇಶದಲ್ಲೇ ಓದುತ್ತಿದ್ದರೆ ನಿಮ್ಮ ಕೆಲಸ ಸಲೀಸು. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾದಲ್ಲಿ ಡಿಗ್ರಿ ಓದುವವರಿಗೆ ರಜೆಯಲ್ಲಿ ಸಾಮಾನ್ಯವಾಗಿ ಪೂರ್ಣಾವಧಿ ದುಡಿಯಲು ಬಿಡುತ್ತಾರೆ. ಜರ್ಮನಿಯಲ್ಲಿ 2024ರಿಂದ ವರ್ಷಕ್ಕೆ 140 ಪೂರ್ಣ ದಿನಗಳ ಮಿತಿ. ಆದರೆ ಜರ್ಮನಿಯ ಪರವಾನಗಿ ಇಟ್ಟುಕೊಂಡು ಪಕ್ಕದ ಫ್ರಾನ್ಸಿಗೆ ಹೋಗಿ ದ್ರಾಕ್ಷಿ ಕೀಳಲು ಆಗುವುದಿಲ್ಲ. ಷೆಂಗೆನ್ (ಗಡಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಗುಂಪು) ಒಳಗೆ ತಿರುಗಾಡಬಹುದು, ಕೆಲಸಕ್ಕೆ ಆಯಾ ದೇಶದ ಒಪ್ಪಿಗೆ ಬೇಕು.

ಕೆಲಸ ಶುರುವಾದ ಮೇಲೆ ಮೊದಲ ಸಂಬಳದ ಚೀಟಿಯನ್ನು ಸಾಲು ಸಾಲಾಗಿ ಓದಿ. ಅಮೆರಿಕದಲ್ಲಿ ಬೇಸಿಗೆ ಕೆಲಸಕ್ಕೆ ಬಂದ ಜೆ-1 ವಿದ್ಯಾರ್ಥಿಗಳಿಂದ ಸಾಮಾನ್ಯವಾಗಿ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ (ಪಿಂಚಣಿ, ಆರೋಗ್ಯ ವಿಮೆಯ ಸರ್ಕಾರಿ ತೆರಿಗೆ) ಅಂತ 7.65 ಶೇಕಡಾ ಮುರಿಯುವಂತಿಲ್ಲ. ಗೊತ್ತಿಲ್ಲದ ಮಾಲೀಕರು ಮುರಿದಿರುತ್ತಾರೆ. ಕೂಡಲೇ ಹೇಳಿದರೆ ಮುಂದಿನ ವಾರವೇ ಸರಿಮಾಡುತ್ತಾರೆ, ಊರಿಗೆ ಬಂದ ಮೇಲೆ ವಾಪಸ್ ಪಡೆಯುವುದು ದೊಡ್ಡ ಓಡಾಟ. ಹೊರಡುವ ಮುಂಚೆ ಮಾಲೀಕರಿಗೆ ನಿಮ್ಮ ಕಾಯಂ ವಿಳಾಸ, ಇಮೇಲ್ ಕೊಟ್ಟು ಬನ್ನಿ. ವರ್ಷದ ಸಂಬಳದ ಲೆಕ್ಕವಿರುವ ಡಬ್ಲ್ಯೂ-2 ಪತ್ರವನ್ನು ಅವರು ಮುಂದಿನ ಜನವರಿ 31ರೊಳಗೆ ಕಳಿಸಬೇಕು. ಜಾಸ್ತಿ ಕಡಿತವಾದ ತೆರಿಗೆ ವಾಪಸ್ ಕೇಳಲು ಅದು ಬೇಕು.